ಸವಾರನಿಗೊಪ್ಪುವ ಸೈಕಲ್ಲು: ಆಯ್ಕೆಯ ಕುರಿತು ಒಂದು ವಿಚಾರ

1. ಪೀಠಿಕೆ

ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸುವುದಕ್ಕೆ ಮುನ್ನ ಯಾವುದೇ ಗ್ರಾಮಾಂತರ ಪ್ರೌಢಶಾಲೆಯ ಅಂಗಳದಲ್ಲಿ ಕ್ಷಣಕಾಲ ನಿಂತು ನೋಡಿದರೆ, ಬೇವಿನ ಮರದ ನೆರಳಿನಲ್ಲಿ ಸಾಲಾಗಿ ನಿಂತಿರುವ ಸೈಕಲ್ಲುಗಳು ಹಾಜರಿ ಪುಸ್ತಕದಲ್ಲಿ ಕಾಣದ ಎಷ್ಟೋ ಸಂಗತಿಗಳನ್ನು ಹೇಳುತ್ತವೆ. ಯಾವ ಮಗು ದೂರದಿಂದ ಬರುತ್ತದೆ, ಯಾರ ಮನೆಯಲ್ಲಿ ಅಣ್ಣನ ಸೈಕಲ್ಲು ತಂಗಿಗೆ ಬಂದಿದೆ, ಯಾರ ಊರಿನ ದಾರಿ ಕೆಸರಿನದು ಎಂಬುದೆಲ್ಲ ಗಾಲಿಗಳನ್ನು ಕಂಡರೆ ತಿಳಿಯುತ್ತದೆ. ಈ ಸಾಮಾನ್ಯ ವಾಹನದ ವಿಷಯದಲ್ಲಿ ನಾವು ವಿದ್ಯಾವಂತರೆನಿಸಿಕೊಂಡವರು ಎಷ್ಟು ಅಲ್ಪವಾಗಿ ಆಲೋಚಿಸಿದ್ದೇವೆ ಎಂಬುದು ನನಗೆ ಅರಿವಾದದ್ದು ಒಂದು ಕಹಿ ಅನುಭವದಿಂದ.

ಬಹಳ ವರ್ಷಗಳ ಹಿಂದಿನ ಮಾತು. ನಾನು ಆಗ ಧಾರವಾಡದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನಗಳ ಪಾಠ ಹೇಳುತ್ತಿದ್ದೆ. ಉದಾರಿಗಳಾದ ಮಹನೀಯರೊಬ್ಬರು ದೂರದ ಹಳ್ಳಿಗಳಿಂದ ಬರುವ ಕೆಲವು ಬಡ ವಿದ್ಯಾರ್ಥಿನಿಯರಿಗೆ ಸೈಕಲ್ಲುಗಳನ್ನು ದಾನವಾಗಿ ಕೊಡಲು ಮುಂದೆ ಬಂದರು. ಅವುಗಳನ್ನು ಆರಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು. ಪೇಟೆಯ ಅಂಗಡಿಯಲ್ಲಿ ಕಣ್ಣು ಸೆಳೆದಂಥವನ್ನೇ ಆರಿಸಿದೆ: ಕೆಂಪು ಬಣ್ಣ, ದಪ್ಪ ಟಯರು, ಮುಂದೆ ಸ್ಪ್ರಿಂಗಿನ ಫೋರ್ಕು, ಹಿಂದೆ ಡಿಸ್ಕ್ ಬ್ರೇಕು. ಸಮಾರಂಭ ಸಾಂಗವಾಗಿ ನಡೆಯಿತು, ಛಾಯಾಚಿತ್ರವೂ ತೆಗೆಯಲ್ಪಟ್ಟಿತು. ಆದರೆ ದಸರೆಯ ರಜೆ ಮುಗಿದ ಮೇಲೆ, ಆರು ಕಿಲೋಮೀಟರು ದೂರದ ಹಳ್ಳಿಯಿಂದ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ವಿಚಾರಿಸಲು ಅವಳ ಮನೆಗೆ ಹೋದಾಗ, ಹೊಸ ಸೈಕಲ್ಲು ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತ್ತು. ಮಡ್‌ಗಾರ್ಡಿನ ಸಂದಿನಲ್ಲಿ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಅವಳ ತಂದೆ ಒಂದೇ ಮಾತು ಹೇಳಿದರು: “ಸೈಕಲ್ಲೇನೋ ಚಲೋ ಕೊಟ್ರಿ ಮಾಸ್ತರ, ಆದ್ರ ಅದು ನಮ್ಮ ದಾರೀದಲ್ರಿ.”

ಆ ಮಾತಿನಲ್ಲಿ ದೂಷಣೆಯಿರಲಿಲ್ಲ. ಆದರೂ ಅದು ನನ್ನನ್ನು ಬಹುಕಾಲ ಕಾಡಿತು. ದಾನಿಗಳ ಔದಾರ್ಯದಲ್ಲಿ ಕೊರತೆಯಿರಲಿಲ್ಲ, ಹುಡುಗಿಯ ಆಸಕ್ತಿಯಲ್ಲಿಯೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಆಯ್ಕೆಯಲ್ಲಿ. ಸೈಕಲ್ಲಿಗೆ ಸವಾರನನ್ನು ಹೊಂದಿಸುವುದಲ್ಲ, ಸವಾರನಿಗೆ ಸೈಕಲ್ಲನ್ನು ಹೊಂದಿಸಬೇಕು ಎಂಬ ಸರಳ ತತ್ತ್ವವನ್ನು ನಾನು ಮರೆತಿದ್ದೆ. ಆ ತತ್ತ್ವವನ್ನು ಆಚರಣೆಗೆ ತರುವ ಬಗೆಯನ್ನು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಸೈಕಲ್ಲಿನ ಬಗೆಗಳು ಹುಟ್ಟಿದ ರೀತಿ

ಸೈಕಲ್ಲಿನ ಇತಿಹಾಸವನ್ನು ಸಂಕ್ಷೇಪವಾಗಿಯಾದರೂ ಅರಿತರೆ, ಅದರ ಒಂದೊಂದು ಬಗೆಯೂ ಒಂದೊಂದು ಅಗತ್ಯದಿಂದ ಹುಟ್ಟಿದುದೆಂಬುದು ಸ್ಪಷ್ಟವಾಗುತ್ತದೆ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಮರದ ಯಂತ್ರವೊಂದನ್ನು ನಿರ್ಮಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ನೆಲವನ್ನು ಕಾಲಿನಿಂದ ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಮುಂದಿನ ಗಾಲಿಗೇ ಪೆಡಲು ಜೋಡಿಸಿದರು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುವುದರಿಂದ, ವೇಗ ಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕಾಯಿತು. ಹೀಗೆ ಬೆಳೆದ ಆಳೆತ್ತರದ ಮುಂಗಾಲಿಯ ಸೈಕಲ್ಲು ಬಿದ್ದವರ ಕೈಕಾಲು ಮುರಿಯುವುದಕ್ಕೆ ಹೆಸರಾಯಿತು.

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ಹಿಂದಿನ ಗಾಲಿಯನ್ನು ಚೈನಿನ ಮೂಲಕ ತಿರುಗಿಸುವ, ಎರಡೂ ಗಾಲಿಗಳು ಹೆಚ್ಚುಕಡಿಮೆ ಸಮನಾಗಿರುವ ‘ರೋವರ್’ ಎಂಬ ಸುರಕ್ಷಿತ ಸೈಕಲ್ಲನ್ನು ಹೊರತಂದನು. 1887-88ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ಟಯರನ್ನು ರೂಪಿಸಿದನು. ಇಂದು ನಾವು ಕಾಣುವ ಸೈಕಲ್ಲುಗಳ ಮೂಲರೂಪ ಈ ಎರಡು ಶೋಧಗಳಲ್ಲಿಯೇ ಇದೆ.

ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಮೊದಲಾದ ಸಂಸ್ಥೆಗಳು ತಲೆಯೆತ್ತಿದವು. ಹಾಲಿನವರು, ಅಂಚೆಯವರು, ರೈತರು, ಶಾಲಾ ಮಾಸ್ತರರು ಎಲ್ಲರೂ ಬಳಸಿದ ಕಪ್ಪು ಬಣ್ಣದ ಎತ್ತರದ ಸೈಕಲ್ಲು, ಎಂದರೆ ‘ರೋಡ್‌ಸ್ಟರ್’, ಮನೆಮಾತಾದದ್ದು ಈ ಕಾಲದಲ್ಲಿ. ಅತ್ತ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಲವು ಸಾಹಸಿ ತರುಣರು ಗುಡ್ಡದ ಮಣ್ಣುಹಾದಿಗಳಲ್ಲಿ ಇಳಿಯುವ ಸಲುವಾಗಿ ಹಳೆಯ ಸೈಕಲ್ಲುಗಳಿಗೆ ದಪ್ಪ ಟಯರು ಹಾಕಿ ಮಾರ್ಪಡಿಸಿದರು. ಅದರಿಂದ ಬೆಳೆದದ್ದು ‘ಮೌಂಟನ್ ಬೈಕ್’ ಎಂಬ ಗುಡ್ಡಗಾಡಿನ ಸೈಕಲ್ಲು. ಇಂದು ನಮ್ಮ ಪೇಟೆಗಳಲ್ಲಿ ಹುಡುಗರ ಮನಸ್ಸನ್ನು ಸೂರೆಗೊಂಡಿರುವ ಸೈಕಲ್ಲುಗಳಲ್ಲಿ ಹೆಚ್ಚಿನವು ಅದರ ಹೊರರೂಪವನ್ನು ಹೊತ್ತವು. ಗುಡ್ಡವನ್ನು ಅವು ಕಾಣುವುದು ಅಪರೂಪ.

3. ಈ ವಿಚಾರದ ಮಹತ್ತ್ವ

“ಸೈಕಲ್ಲಿಗೆ ಇಷ್ಟು ಆಲೋಚನೆ ಬೇಕೆ?” ಎಂದು ಕೆಲವರು ಕೇಳಬಹುದು. ಉತ್ತರಕ್ಕೆ ಬಿಹಾರದ ಉದಾಹರಣೆಯೊಂದು ಸಾಕು. ಅಲ್ಲಿನ ಸರ್ಕಾರವು 2006ರಲ್ಲಿ ಒಂಬತ್ತನೆಯ ತರಗತಿ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಳ್ಳಲು ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ಅದರ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ತಕ್ಕ ವಯಸ್ಸಿನ ಹುಡುಗಿಯರು ಪ್ರೌಢಶಾಲೆಗೆ ಸೇರುವ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತೆಂದೂ, ಹುಡುಗ ಹುಡುಗಿಯರ ನಡುವಣ ಅಂತರ ಶೇಕಡಾ 40ರಷ್ಟು ತಗ್ಗಿತೆಂದೂ ಅವರು ಕಂಡುಕೊಂಡರು. ಶಾಲೆಯಿಂದ ಮೂರು ಕಿಲೋಮೀಟರಿಗೂ ದೂರವಿದ್ದ ಹಳ್ಳಿಗಳಲ್ಲಿ ಈ ಪರಿಣಾಮ ವಿಶೇಷವಾಗಿ ಕಂಡುಬಂದಿತು ಎಂಬುದು ಗಮನಾರ್ಹ.

ನಮ್ಮ ರಾಜ್ಯದಲ್ಲಿಯೂ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ನಡೆದು ಅಸಂಖ್ಯ ಮಕ್ಕಳಿಗೆ ನೆರವಾಯಿತು. ಕೋವಿಡ್ ಪಿಡುಗಿನ ಕಾಲದಲ್ಲಿ ಆ ವಿತರಣೆ ನಿಂತಿತು. ಸರ್ಕಾರ ಕೊಡಲಿ, ದಾನಿಗಳು ಕೊಡಲಿ, ತಂದೆತಾಯಿಗಳು ಸಾಲ ಮಾಡಿ ಕೊಡಿಸಲಿ, ಮಗುವಿನ ಓದಿಗೂ ಊರಿನ ದೂರಕ್ಕೂ ನಡುವೆ ಇರುವ ಸೇತುವೆ ಈ ಸೈಕಲ್ಲು. ಸೇತುವೆ ಹೊಳೆಗೆ ತಕ್ಕಂತಿರಬೇಕಲ್ಲವೆ?

ಆದ್ದರಿಂದ ಸೈಕಲ್ಲನ್ನು ಆರಿಸುವ ಮೊದಲು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅವು ದೇಹ, ದಾರಿ, ದೂರ, ಹೊರೆ ಮತ್ತು ದುರಸ್ತಿ ಎಂಬ ಐದು ಅಂಶಗಳನ್ನು ಕುರಿತವು. ಬಣ್ಣ ಮತ್ತು ಹೆಸರುಗಳ ಸರದಿ ಇವುಗಳ ನಂತರ.

4. ಮೊದಲನೆಯದು: ದೇಹ

“ಬೆಳೆಯುವ ಹುಡುಗ, ದೊಡ್ಡದೇ ಇರಲಿ” ಎಂದು ಅಂಗಿಯನ್ನು ಹೊಲಿಸುವಂತೆ ಸೈಕಲ್ಲನ್ನು ಕೊಳ್ಳುವ ಪದ್ಧತಿ ನಮ್ಮಲ್ಲಿ ಬಹಳವಾಗಿದೆ. ದೊಡ್ಡ ಅಂಗಿ ತೊಟ್ಟವನು ಬೀಳುವುದಿಲ್ಲ. ದೊಡ್ಡ ಸೈಕಲ್ಲು ಹತ್ತಿದವನು ಬೀಳುತ್ತಾನೆ. ನಮ್ಮ ತಲೆಮಾರಿನವರು ಅಡ್ಡದಂಡದ ಕೆಳಗೆ ಕಾಲು ತೂರಿಸಿ ‘ಒಳಪೆಡಲು’ ತುಳಿದು ಕಲಿತವರು. ಅದನ್ನು ನೆನೆದು ನಗುತ್ತೇವೆ; ಮೊಣಕಾಲಿನ ಗಾಯದ ಕಲೆಗಳನ್ನು ಮಾತ್ರ ಮರೆಯುತ್ತೇವೆ.

ಅಳತೆಯ ವಿಧಾನ ಹೀಗಿದೆ. ಸವಾರನನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ತೊಡೆಗಳ ಸಂದಿನಿಂದ ನೆಲದವರೆಗಿನ ಎತ್ತರವನ್ನು ಅಳೆಯಬೇಕು. ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಅಡ್ಡಲಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಹಾಕಿಕೊಂಡರೆ ಅಳತೆ ಸರಿಯಾಗಿ ಬರುತ್ತದೆ. ಇದನ್ನು ಒಳಗಾಲಿನ ಅಳತೆ ಎನ್ನೋಣ. ಸೈಕಲ್ಲನ್ನು ಕಾಲುಗಳ ನಡುವೆ ಇರಿಸಿಕೊಂಡು ಎರಡೂ ಪಾದಗಳನ್ನು ಪೂರ್ತಿಯಾಗಿ ನೆಲಕ್ಕೆ ಊರಿ ನಿಂತಾಗ, ಅಡ್ಡದಂಡಕ್ಕೂ ದೇಹಕ್ಕೂ ನಡುವೆ ಕನಿಷ್ಠ ಎರಡು ಅಂಗುಲ ಬಿಡುವಿರಬೇಕು. 22 ಅಂಗುಲದ ಫ್ರೇಮಿನ ರೋಡ್‌ಸ್ಟರಿನಲ್ಲಿ ಅಡ್ಡದಂಡವು ನೆಲದಿಂದ 80 ಸೆಂಟಿಮೀಟರಿಗೂ ಮೇಲಿರುತ್ತದೆ. ಒಳಗಾಲಿನ ಅಳತೆ 70 ಸೆಂಟಿಮೀಟರು ಇರುವ ಬಾಲಕನಿಗೆ ಅದನ್ನು ಕೊಡುವುದು ಅವನನ್ನು ಅಪಾಯಕ್ಕೆ ಒಡ್ಡಿದಂತೆಯೇ ಸರಿ. ಅಡ್ಡದಂಡವಿಲ್ಲದ, ನಡುವೆ ತಗ್ಗಿದ ಫ್ರೇಮನ್ನು ‘ಲೇಡೀಸ್ ಸೈಕಲ್’ ಎಂದು ಕರೆದು ನಾವು ಸ್ತ್ರೀಯರಿಗೆ ಮಾತ್ರ ಮೀಸಲಿಟ್ಟಿದ್ದೇವೆ. ವಾಸ್ತವದಲ್ಲಿ ಬೆಳೆಯುತ್ತಿರುವ ಮಕ್ಕಳಿಗೂ, ಧೋತರ ಉಡುವವರಿಗೂ, ಕಾಲೆತ್ತಿ ಹತ್ತಲಾರದ ವೃದ್ಧರಿಗೂ ಅದು ಅತ್ಯಂತ ಅನುಕೂಲವಾದುದು.

ಸೀಟಿನ ಎತ್ತರಕ್ಕೂ ಒಂದು ನಿಯಮವುಂಟು. ಸೀಟಿನ ಮೇಲೆ ಕುಳಿತು, ಪೆಡಲು ಕೆಳತುದಿಯಲ್ಲಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಕೊಂಚ ಮಡಿಸಿರುತ್ತದೆ. ಅದೇ ಸರಿಯಾದ ಸ್ಥಿತಿ. ಲೆಕ್ಕ ಬೇಕೆನ್ನುವವರು ಒಳಗಾಲಿನ ಅಳತೆಯನ್ನು 0.883ರಿಂದ ಗುಣಿಸಬಹುದು. ಪೆಡಲಿನ ಕಾಲುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ದೂರ ಅದು. 70 ಸೆಂಟಿಮೀಟರಿನ ಒಳಗಾಲಿಗೆ ಸುಮಾರು 62 ಸೆಂಟಿಮೀಟರು. ಸೀಟು ತೀರ ತಗ್ಗಿದ್ದರೆ ಮೊಣಕಾಲು ನೋಯುತ್ತದೆ. ತೀರ ಎತ್ತರವಿದ್ದರೆ ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ವಾಲುತ್ತದೆ. ಹೊಸದಾಗಿ ಕಲಿಯುವವರಿಗೆ ಮಾತ್ರ ಎರಡೂ ಪಾದಗಳು ನೆಲಕ್ಕೆ ಎಟಕುವಂತೆ ಕೆಲವು ದಿನ ತಗ್ಗಿಸಿಡುವುದು ಯುಕ್ತ.

5. ಎರಡನೆಯದು: ದಾರಿ

ಕರ್ನಾಟಕವೆಂಬುದು ಒಂದೇ ನಾಡಾದರೂ ಗಾಲಿಗೆ ಅದು ಹಲವು ನಾಡು. ಧಾರವಾಡ, ಗದಗ, ವಿಜಯಪುರಗಳ ಎರೆಭೂಮಿಯಲ್ಲಿ ಮಳೆ ಬಿದ್ದೊಡನೆ ಮಣ್ಣು ಅಂಟಿನಂತಾಗಿ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಸೇರಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಹಸಿ ಎರೆಯಲ್ಲಿ ಯಾವ ಸೈಕಲ್ಲೂ ಸಲೀಸಾಗಿ ಓಡದು. ಆದರೆ ಟಯರು ಕಿರಿದಾಗಿದ್ದು ಮಡ್‌ಗಾರ್ಡಿಗೂ ಅದಕ್ಕೂ ನಡುವೆ ಒಂದು ಬೆರಳಿಗಿಂತ ಹೆಚ್ಚು ಬಿಡುವಿದ್ದರೆ, ಕಡ್ಡಿಯಿಂದ ಕೆದಕಿ ಮುಂದೆ ಸಾಗಬಹುದು. ಭಾರ ಕಡಿಮೆಯಿದ್ದರೆ ಹೊತ್ತಾದರೂ ದಾಟಬಹುದು. ಗುಬುಟುಗಳಿರುವ ದಪ್ಪ ಟಯರು, ಅದಕ್ಕೆ ಒತ್ತಿಕೊಂಡಿರುವ ಮಡ್‌ಗಾರ್ಡು ಇವೆರಡೂ ಕೂಡಿದರೆ ಅಲ್ಲಿ ಗತಿಯಿಲ್ಲ. ನಾನು ಮಾಡಿದ ತಪ್ಪು ಇದೇ.

ಬಳ್ಳಾರಿ, ರಾಯಚೂರುಗಳ ಕಡೆಯ ಬಯಲಿನಲ್ಲಿ ಕೆಸರಿಗಿಂತ ಜಾಲಿಯ ಮುಳ್ಳಿನ ಕಾಟ ಹೆಚ್ಚು. ಅಲ್ಲಿ ದಪ್ಪ ರಬ್ಬರಿನ ಟಯರು ಆವಶ್ಯಕ. ಹಳೆಯ ಟ್ಯೂಬನ್ನು ಸೀಳಿ ಟಯರಿನ ಒಳಗೆ ಪಟ್ಟಿಯಾಗಿ ಹಾಸುವ ನಮ್ಮ ಪಂಕ್ಚರ್ ಅಂಗಡಿಯವರ ಉಪಾಯ ಇಂದಿಗೂ ಫಲಕಾರಿಯಾಗಿದೆ. ಮರಳುಹಾದಿಯಲ್ಲಿ ಹಾಗೂ ಕಲ್ಲುಜಲ್ಲಿಯ ದಾರಿಯಲ್ಲಿ ಮಾತ್ರ ಅಗಲ ಟಯರು ತನ್ನ ಗುಣವನ್ನು ತೋರಿಸುತ್ತದೆ. ಕಿರಿದಾದುದು ಅಲ್ಲಿ ಹೂತುಹೋಗುತ್ತದೆ. ಡಾಂಬರಿನ ನುಣುಪಾದ ರಸ್ತೆಯಲ್ಲಿ ಇದಕ್ಕೆ ವಿರುದ್ಧವಾಗಿ, ಗುಬುಟುಗಳ ಟಯರು ಸವಾರನ ಶಕ್ತಿಯನ್ನು ವ್ಯರ್ಥವಾಗಿ ನುಂಗುತ್ತದೆ.

ಮಲೆನಾಡಿನ ಏರಿಳಿತಗಳಲ್ಲಿ ಎರಡು ಸಂಗತಿಗಳು ಮುಖ್ಯ: ಏರುವಾಗ ಹಗುರ ಗೇರು, ಇಳಿಯುವಾಗ ನಂಬಿಗಸ್ತ ಬ್ರೇಕು. ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕಿನ ರಬ್ಬರು ಜಾರುತ್ತದೆ, ಸೈಕಲ್ಲು ನಿಲ್ಲಲು ಒಣದಿನಕ್ಕಿಂತ ಬಹಳ ಹೆಚ್ಚು ದೂರ ಬೇಕಾಗುತ್ತದೆ. ಅಲ್ಯೂಮಿನಿಯಂ ರಿಮ್ಮು ಈ ದೃಷ್ಟಿಯಿಂದ ಮೇಲು; ಡಿಸ್ಕ್ ಬ್ರೇಕು ಇನ್ನೂ ಮೇಲು. ಕರಾವಳಿಯಲ್ಲಿಯಾದರೋ ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಅಲ್ಯೂಮಿನಿಯಂ ಭಾಗಗಳಿಗೆ ಮತ್ತು ಎಣ್ಣೆಯ ಆರೈಕೆಗೆ ಹೆಚ್ಚು ಬೆಲೆಯುಂಟು.

ಸ್ಪ್ರಿಂಗಿನ ಫೋರ್ಕಿನ ವಿಷಯದಲ್ಲಿ ಒಂದು ಮಾತು. ಅಗ್ಗದ ಸೈಕಲ್ಲುಗಳಲ್ಲಿ ಅದು ಭಾರವನ್ನು ಹೆಚ್ಚಿಸುವುದಲ್ಲದೆ, ಎದ್ದುನಿಂತು ತುಳಿಯುವಾಗ ಸವಾರನ ಶ್ರಮದ ಒಂದಂಶವನ್ನು ತಾನೇ ಕುಗ್ಗಿ ಕುಡಿದುಬಿಡುತ್ತದೆ. ಸಾಮಾನ್ಯ ಹಳ್ಳಿಯ ದಾರಿಗೆ ಟಯರಿನ ಗಾಳಿ ಮತ್ತು ಸೀಟಿನ ಸ್ಪ್ರಿಂಗುಗಳೇ ಸಾಕು.

6. ಮೂರನೆಯದು: ದೂರ ಮತ್ತು ಗೇರು

ಇಲ್ಲಿ ನನ್ನ ವೃತ್ತಿಗೆ ಒಪ್ಪುವ ಸಣ್ಣ ಲೆಕ್ಕವೊಂದನ್ನು ಮಾಡೋಣ. ತರಗತಿಯಲ್ಲಿ ಅನುಪಾತದ ಪಾಠಕ್ಕೂ ಇದು ಉತ್ತಮ ಉದಾಹರಣೆಯಾಗಬಲ್ಲದು. 28 ಅಂಗುಲದ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರು ಸಾಗುತ್ತದೆ. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ 2.44 ಸುತ್ತು ತಿರುಗಿ, ಸೈಕಲ್ಲು ಸುಮಾರು 5.4 ಮೀಟರು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 19 ಕಿಲೋಮೀಟರು ವೇಗ.

ಈಗ ಹಿಂದಿನ ಫ್ರೀವೀಲನ್ನು ಮಾತ್ರ ಬದಲಾಯಿಸಿ 22 ಹಲ್ಲಿನದನ್ನು ಹಾಕೋಣ. ಪೆಡಲಿನ ಒಂದು ಸುತ್ತಿಗೆ 4.4 ಮೀಟರು, ಅದೇ ತುಳಿತಕ್ಕೆ ಗಂಟೆಗೆ ಸುಮಾರು 16 ಕಿಲೋಮೀಟರು. ಆದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ಸುಮಾರು ಐದರಲ್ಲೊಂದು ಭಾಗದಷ್ಟು ಕಡಿಮೆಯಾಗುತ್ತದೆ. ಆರು ಕಿಲೋಮೀಟರಿನ ದಾರಿಗೆ ಮೊದಲನೆಯದು 19 ನಿಮಿಷ ತೆಗೆದುಕೊಂಡರೆ ಎರಡನೆಯದು 23 ನಿಮಿಷ ತೆಗೆದುಕೊಳ್ಳುತ್ತದೆ. ಎದುರುಗಾಳಿಯಲ್ಲಿ ಪುಸ್ತಕದ ಚೀಲ ಹೊತ್ತು ತುಳಿಯುವ ಹದಿಮೂರು ವರ್ಷದ ಮಗುವಿಗೆ ನಾಲ್ಕು ನಿಮಿಷ ದೊಡ್ಡದೋ, ಬಸವಳಿಯದೆ ತರಗತಿಗೆ ಬಂದು ಕೂಡುವುದು ದೊಡ್ಡದೋ, ಅಧ್ಯಾಪಕರೇ ನಿರ್ಣಯಿಸಲಿ. ಅದೇ ದಾರಿಯನ್ನು ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ನಡೆದು ಬಂದರೆ ಒಂದೂವರೆ ಗಂಟೆ ಬೇಕೆಂಬುದನ್ನೂ ನೆನಪಿಡಬೇಕು.

ಹಲವು ಗೇರುಗಳ ಸೈಕಲ್ಲಿನಲ್ಲಿ ಈ ಬದಲಾವಣೆಯನ್ನು ಸವಾರಿಯ ನಡುವೆಯೇ ಮಾಡಿಕೊಳ್ಳಬಹುದು. ಏರುತಗ್ಗುಗಳ ನಾಡಿನಲ್ಲಿ, ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರು ಹೋಗುವವರಿಗೆ ಅದು ನಿಜವಾಗಿಯೂ ಉಪಯುಕ್ತ. ಸಮತಟ್ಟಾದ ಬಯಲಿನಲ್ಲಿ ಐದಾರು ಕಿಲೋಮೀಟರು ಹೋಗುವವರಿಗೆ ಒಂದೇ ಗೇರು ಸಾಕು. ಹಾಳಾಗುವ ಭಾಗಗಳೂ ಅದರಲ್ಲಿ ಕಡಿಮೆ. ಗೇರುಗಳ ಸಂಖ್ಯೆ ಹೆಚ್ಚಿದಷ್ಟೂ ಸೈಕಲ್ಲು ಉತ್ತಮವೆಂಬುದು ಭ್ರಾಂತಿ.

7. ನಾಲ್ಕನೆಯದು: ಹೊರೆ ಮತ್ತು ಉಡುಪು

ಸೈಕಲ್ಲು ಹೊರುವುದು ಸವಾರನನ್ನು ಮಾತ್ರವಲ್ಲ. ಪುಸ್ತಕದ ಚೀಲ, ಊಟದ ಡಬ್ಬಿ, ಸಂಜೆ ಮನೆಗೆ ಒಯ್ಯುವ ಹಿಟ್ಟಿನ ಗಂಟು, ಒಮ್ಮೊಮ್ಮೆ ತಮ್ಮನೋ ತಂಗಿಯೋ, ಹೀಗೆ ಅದರ ಹೊರೆ ಬೆಳೆಯುತ್ತದೆ. ಕ್ಯಾರಿಯರ್ ಇಲ್ಲದ ಸೈಕಲ್ಲನ್ನು ವಿದ್ಯಾರ್ಥಿಗೆ ಕೊಡುವುದೆಂದರೆ ಭಾರವನ್ನು ಅವನ ಬೆನ್ನಿನ ಮೇಲೆಯೇ ಬಿಟ್ಟಂತೆ. ಬೆನ್ನಿನ ಚೀಲ ಸವಾರನ ಸಮತೋಲವನ್ನು ಮೇಲಕ್ಕೆಳೆಯುತ್ತದೆ. ಕ್ಯಾರಿಯರಿನ ಮೇಲೆ ಬಿಗಿದ ಚೀಲ ತಗ್ಗಿನಲ್ಲಿ ಸ್ಥಿರವಾಗಿರುತ್ತದೆ. ಹೆಣ್ಣುಮಕ್ಕಳ ಸೈಕಲ್ಲಿಗೆ ಚೈನಿನ ಪೂರ್ಣ ಮುಚ್ಚಳ ಮತ್ತು ಹಿಂಗಾಲಿಗೆ ಬಲೆಯ ರಕ್ಷಣೆ ಕಡ್ಡಾಯವೆಂದೇ ತಿಳಿಯಬೇಕು. ಲಂಗ, ದುಪಟ್ಟಾ, ಸೀರೆಯ ಸೆರಗು ಗಾಲಿಗೆ ಸಿಕ್ಕಿ ಆದ ಅಪಘಾತಗಳು ನಮಗೆಲ್ಲ ತಿಳಿದವೇ.

ಸಂಜೆಯ ತರಗತಿ ಮುಗಿಸಿ ಕತ್ತಲಲ್ಲಿ ಹಿಂತಿರುಗುವವರಿಗೆ ಗಂಟೆ, ಮುಂದೆ ದೀಪ, ಹಿಂದೆ ಮತ್ತು ಪೆಡಲುಗಳಲ್ಲಿ ಬೆಳಕನ್ನು ಪ್ರತಿಫಲಿಸುವ ತುಣುಕುಗಳು ಇರಲೇಬೇಕು. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಇಲ್ಲದಿದ್ದರೆ ತೆರಬೇಕಾದ ಬೆಲೆ ಅಪಾರ.

8. ಐದನೆಯದು: ದುರಸ್ತಿ

ಕೆಟ್ಟ ಸೈಕಲ್ಲನ್ನು ಸರಿಪಡಿಸುವವರು ಯಾರು? ಕೊಳ್ಳುವ ದಿನ ಯಾರೂ ಕೇಳದ ಪ್ರಶ್ನೆಯಿದು. ಕೆಟ್ಟ ದಿನ ಎಲ್ಲರೂ ಕೇಳುತ್ತಾರೆ. ಆ ಹುಡುಗಿಯ ಸೈಕಲ್ಲಿನ ಡಿಸ್ಕ್ ಬ್ರೇಕನ್ನು ಸರಿಪಡಿಸಲು ನಾನು ನಮ್ಮೂರ ಸೈಕಲ್ ಶಾಪಿನವರಲ್ಲಿಗೆ ಒಯ್ದಾಗ ಅವರೆಂದರು: “ಇದರ ಸಾಮಾನು ಇಲ್ಲಿ ಸಿಗೂದಿಲ್ರಿ ಸರ್, ಹುಬ್ಬಳ್ಳಿಗೇ ಹೋಗಬೇಕ್ರಿ.” ಮಲೆನಾಡಿನ ಇಳಿಜಾರಿಗೆ ವರವಾಗುವ ಡಿಸ್ಕ್ ಬ್ರೇಕೇ ಬಿಡಿಭಾಗ ಸಿಗದ ಹಳ್ಳಿಯಲ್ಲಿ ಶಾಪವಾಯಿತು. ಸೈಕಲ್ಲಿನ ಗುಣದೋಷಗಳು ಊರಿನಿಂದ ಊರಿಗೆ ಬದಲಾಗುವವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದ್ದರಿಂದ ಕೊಳ್ಳುವ ಮೊದಲು ಊರಿನ ಸೈಕಲ್ ಶಾಪಿಗೆ ಹೋಗಿ ಯಾವ ಅಳತೆಯ ಟಯರು, ಟ್ಯೂಬು, ಬ್ರೇಕಿನ ರಬ್ಬರು, ಚೈನು, ಫ್ರೀವೀಲು ಅಲ್ಲಿ ಸದಾ ಸಿಗುತ್ತವೆಂದು ವಿಚಾರಿಸಿಕೊಳ್ಳುವುದು ಜಾಣತನ. ಯಂತ್ರದ ವಿಷಯದಲ್ಲಿ ಆ ಕುಶಲಕರ್ಮಿಗಳ ಅಭಿಪ್ರಾಯಕ್ಕೆ ನಮ್ಮಂಥವರ ಪದವಿಗಳಿಗಿಂತ ಹೆಚ್ಚು ತೂಕವಿದೆ.

9. ಯಾರಿಗೆ ಯಾವುದು?

ಈ ಐದು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಸೈಕಲ್ಲಿನ ಬಗೆಯನ್ನು ನಿರ್ಧರಿಸುವುದು ಕಷ್ಟವಲ್ಲ.

ರೋಡ್‌ಸ್ಟರ್: ಸುಮಾರು 20 ಕಿಲೋಗ್ರಾಂ ತೂಗುವ ಗಟ್ಟಿಮುಟ್ಟಾದ ಸೈಕಲ್ಲು. ಹಾಲಿನ ಕ್ಯಾನು, ಧಾನ್ಯದ ಚೀಲ ಹೊರುವವರಿಗೆ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಎತ್ತರದ ಪ್ರೌಢರಿಗೆ ಸರಿ, ಮಕ್ಕಳಿಗೆ ಸಲ್ಲದು.

ತಗ್ಗು ಫ್ರೇಮಿನ ಸೈಕಲ್ಲು: ಶಾಲೆಯ ಮಕ್ಕಳಿಗೆ, ಅಧ್ಯಾಪಿಕೆಯರಿಗೆ, ಹಿರಿಯರಿಗೆ, ಐದಾರು ಕಿಲೋಮೀಟರಿನ ನಿತ್ಯದ ಓಡಾಟಕ್ಕೆ.

ಗುಡ್ಡಗಾಡಿನ ಸೈಕಲ್ಲು: ಕಲ್ಲು, ಮರಳು, ಏರುಹಾದಿಗಳಿರುವಲ್ಲಿ; ಒಳ್ಳೆಯ ಬ್ರೇಕು, ಗೇರುಗಳಿದ್ದು ದುರಸ್ತಿಯ ಸೌಕರ್ಯವಿದ್ದರೆ ಮಾತ್ರ.

ಹೈಬ್ರಿಡ್: ಗಾಲಿ ದೊಡ್ಡದು, ಟಯರು ಮಧ್ಯಮ ಅಗಲದ್ದು, ಸುಮಾರು 35 ಮಿಲಿಮೀಟರು. ನಗರದಲ್ಲಿ ನೆಲಸಿ ಕಚೇರಿಗೆ ಸೈಕಲ್ಲಿನಲ್ಲಿ ಹೋಗಬಯಸುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ನಿಸ್ಸಂಕೋಚವಾಗಿ ಹೇಳಬಹುದು.

ಪಂದ್ಯದ ಸೈಕಲ್ಲು: ಬಾಗಿದ ಹ್ಯಾಂಡಲ್ಲು, ತೆಳುವಾದ ಟಯರು, ರೋಡ್‌ಸ್ಟರಿನ ಅರ್ಧದಷ್ಟೇ ತೂಕ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತವಾಗಿ ಬೆಳೆಯುವುದರಿಂದ ಸವಾರನು ಮುಂದೆ ಬಾಗಿ ಕೂಡಬೇಕಾಗುತ್ತದೆ. ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಕಡೆ ಇದನ್ನು ಬಲ್ಲವರು ಬಹಳ. ಪ್ರತಿಭೆಯುಳ್ಳ ವಿದ್ಯಾರ್ಥಿಗೆ ತರಬೇತುದಾರರ ಸಲಹೆಯಂತೆ ಕೊಡಿಸತಕ್ಕದ್ದೇ ಹೊರತು ಶಾಲೆಯ ನಿತ್ಯದ ಬಳಕೆಗಲ್ಲ.

ವಿದ್ಯುತ್ ಸೈಕಲ್ಲು: ತುಳಿತಕ್ಕೆ ಮೋಟಾರಿನ ನೆರವು ಸೇರುವ ಬಗೆ. ಮೋಟಾರಿನ ಶಕ್ತಿ ಹಾಗೂ ವೇಗ ನಿಯಮಗಳಲ್ಲಿ ಹೇಳಿರುವ 250 ವಾಟ್ ಮತ್ತು ಗಂಟೆಗೆ 25 ಕಿಲೋಮೀಟರುಗಳ ಮಿತಿಯೊಳಗಿದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಮೊಣಕಾಲು ನೋವಿನ ಹಿರಿಯರಿಗೆ, ದೂರ ಹೋಗುವ ಅಧ್ಯಾಪಕರಿಗೆ ಪ್ರಯೋಜನಕರ. ಬ್ಯಾಟರಿಯ ಬದಲಿ ವೆಚ್ಚವನ್ನು ಮುಂಚೆಯೇ ತಿಳಿದಿರಬೇಕು.

ಹಳೆಯ ಸೈಕಲ್ಲನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಹಿಂದೆ ನಿಂತು ನೋಡಿದಾಗ ಎರಡು ಗಾಲಿಗಳೂ ಒಂದೇ ಗೆರೆಯಲ್ಲಿರಬೇಕು. ಎತ್ತಿ ತಿರುಗಿಸಿದಾಗ ರಿಮ್ಮು ಅತ್ತಿತ್ತ ಓಲಾಡಬಾರದು. ಪೆಡಲಿನ ಕಾಲನ್ನು ಪಕ್ಕಕ್ಕೆ ಅಲುಗಿಸಿದರೆ ಸಡಿಲವಿರಬಾರದು. ಫ್ರೇಮಿನ ಕೂಡುಗಳಲ್ಲಿ ಬಿರುಕಿರಬಾರದು. ಟಯರು, ಚೈನುಗಳನ್ನು ಬದಲಾಯಿಸಬಹುದು. ಬಾಗಿದ ಫ್ರೇಮನ್ನು ಮಾತ್ರ ಕೊಳ್ಳಬಾರದು.

10. ಉಪಸಂಹಾರ

ಆ ಹುಡುಗಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ದಾನಿಗಳ ಮುಂದೆ ನಾನು ನನ್ನ ತಪ್ಪನ್ನು ಒಪ್ಪಿಕೊಂಡೆ. ಅವರು ಕೋಪಗೊಳ್ಳಲಿಲ್ಲ. “ಹಾಗಾದರೆ ಈ ಸಲ ನೀವು ಮೊದಲು ಆ ದಾರಿಯಲ್ಲಿ ನಡೆದು ಬನ್ನಿ” ಎಂದಷ್ಟೇ ಹೇಳಿದರು. ನಡೆದೆ. ಆಮೇಲೆ ಸೈಕಲ್ ಶಾಪಿನವರ ಸಲಹೆಯಂತೆ ತಗ್ಗು ಫ್ರೇಮಿನ ಹಳೆಯ ಸೈಕಲ್ಲೊಂದನ್ನು ಹುಡುಕಿ, 22 ಹಲ್ಲಿನ ಫ್ರೀವೀಲು, ಗಟ್ಟಿ ಕ್ಯಾರಿಯರ್ ಹಾಕಿಸಿ, ಮಡ್‌ಗಾರ್ಡನ್ನು ಟಯರಿನಿಂದ ಮೇಲಕ್ಕೆತ್ತಿ ಕೂಡಿಸಿ, ಅವಳ ಅಳತೆಗೆ ಸೀಟನ್ನು ಹೊಂದಿಸಿ ಒಯ್ದುಕೊಟ್ಟೆವು. ಹೊಸ ಸೈಕಲ್ಲಿಗೆ ಕೊಟ್ಟ ಹಣದ ಅರ್ಧವೂ ಖರ್ಚಾಗಲಿಲ್ಲ. ಅವಳು ಶಾಲೆಗೆ ಮರಳಿದಳು. ಆದರೆ ಅಷ್ಟರಲ್ಲಿ ಎರಡು ತಿಂಗಳ ಪಾಠ ಕಳೆದುಹೋಗಿತ್ತು. ಅದನ್ನು ತುಂಬಿಕೊಡಲು ಅವಳೂ ನಾವೂ ಆ ವರ್ಷವೆಲ್ಲ ಶ್ರಮಪಡಬೇಕಾಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅವಳು ಅದೇ ಸೈಕಲ್ಲಿನ ಮೇಲೆ ಬಂದಳು.

ಸೈಕಲ್ಲು ಕೊಡಬಯಸುವ ದಾನಿಗಳಲ್ಲಿಯೂ, ಕೊಡಿಸುವ ಅಧ್ಯಾಪಕ ಬಂಧುಗಳಲ್ಲಿಯೂ ನನ್ನ ವಿನಮ್ರ ಅರಿಕೆಯಿಷ್ಟೆ. ಮೊದಲು ಮಕ್ಕಳ ಅಳತೆಯನ್ನು ತೆಗೆದುಕೊಳ್ಳಿರಿ. ಅವರ ಊರಿನ ದಾರಿಯನ್ನು ಮಳೆಗಾಲದಲ್ಲಿಯೂ ಒಮ್ಮೆ ನೋಡಿರಿ. ಅವರು ಏನನ್ನು ಹೊರುತ್ತಾರೆಂದು ಕೇಳಿರಿ. ದುರಸ್ತಿ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಕೊಳ್ಳಿರಿ. ಹತ್ತು ಸೈಕಲ್ಲುಗಳ ಹಣವಿದ್ದರೆ ಒಂಬತ್ತನ್ನು ಕೊಂಡು, ಹತ್ತನೆಯದರ ಹಣವನ್ನು ಟಯರು, ಟ್ಯೂಬು, ಪಂಪು ಮತ್ತು ದುರಸ್ತಿಗಾಗಿ ಶಾಲೆಯಲ್ಲಿ ತೆಗೆದಿರಿಸಿರಿ. ಚೈನಿಗೆ ಎಣ್ಣೆ ಬಿಡುವುದನ್ನು, ಪಂಕ್ಚರ್ ಹಾಕುವುದನ್ನು, ಬ್ರೇಕು ಬಿಗಿಯುವುದನ್ನು ಹುಡುಗ ಹುಡುಗಿಯರಿಬ್ಬರಿಗೂ ಶಾಲೆಯಲ್ಲಿಯೇ ಕಲಿಸಿರಿ. ಸಮಾರಂಭದ ದಿನ ಸೈಕಲ್ಲುಗಳು ಹೇಗೆ ಕಂಡವೆಂಬುದಕ್ಕಿಂತ, ಎರಡು ಮಳೆಗಾಲ ಕಳೆದ ಮೇಲೆ ಅವುಗಳಲ್ಲಿ ಎಷ್ಟು ಇನ್ನೂ ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತಿವೆ ಎಂಬುದನ್ನು ಎಣಿಸಿ ನೋಡಿರಿ. ನಮ್ಮ ಆಯ್ಕೆ ಸರಿಯಾಗಿತ್ತೇ ಎಂಬುದಕ್ಕೆ ಉತ್ತರ ಆ ಎಣಿಕೆಯಲ್ಲಿ ದೊರೆಯುತ್ತದೆ.